ನೀರು ಮೇಲೆ ಬರುವ ಊರಲ್ಲಿ ಗುಂಡಿ ಇಲ್ಲದ ಸಂಡಾಸು

ಅಂಕೋಲಾ ತಾಲ್ಲೂಕಿನ ನಮ್ಮ ಊರು ಸಮುದ್ರಕ್ಕೆ ತೀರಾ ಹತ್ತಿರ. ಮಳೆಗಾಲದಲ್ಲಿ ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ಹಿತ್ತಲೂ ಚಿಕ್ಕದು. ಬಾವಿ, ಮನೆ, ನಾಲ್ಕಾರು ತೆಂಗು, ಬಾಳೆ, ಅಷ್ಟೇ. ಇಂಥ ಜಾಗದಲ್ಲಿ ಸಂಡಾಸಿನ ಗುಂಡಿ ತೋಡಿದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗುಂಡಿಯೂ ಬಾವಿಯೂ ಒಂದೇ ನೀರಿನಲ್ಲಿ ನಿಂತಿರುತ್ತವೆ. ಆ ನೀರನ್ನೇ ಕುಡಿಯುವುದು, ಅಲ್ವಾ?

ಎರಡು ಗುಂಡಿಯ ಸಂಡಾಸು ಕೆಟ್ಟದ್ದಲ್ಲ. ಒಂದು ತುಂಬಿದರೆ ಮುಚ್ಚಿ, ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿದ್ದು ಒಂದೂವರೆ ಎರಡು ವರ್ಷದಲ್ಲಿ ಗೊಬ್ಬರವಾಗುತ್ತದೆ. ಆದರೆ ಅದಕ್ಕೂ ನಿಯಮ ಇದೆ. ಬಾವಿಯಿಂದ 10 ಮೀಟರ್ ದೂರ ಬೇಕು. ಗುಂಡಿಯ ತಳ ಮಳೆಗಾಲದ ನೀರಿಗಿಂತ 2 ಮೀಟರ್ ಮೇಲೆ ಇರಬೇಕು. ನಮ್ಮ ಹಿತ್ತಲಲ್ಲಿ ಎರಡೂ ಆಗುವಂಥದ್ದಲ್ಲ. ಹಾಗಾಗಿ ನೆಲ ಅಗೆಯದೆ, ನೆಲದ ಮೇಲೇ ಕಟ್ಟಿದೆವು.

ಹಳೆಯ ಕೊಟ್ಟಿಗೆ ಕೆಡವಿದ ಚಿರೆಕಲ್ಲು ಇತ್ತು, ಹಂಚೂ ಇತ್ತು. ದೊಡ್ಡ ಖರ್ಚು ಅಲ್ಲೇ ಉಳಿಯಿತು. ಮಳೆ ನೀರು ತಾಗದಂತೆ ಎತ್ತರದ ಕಟ್ಟೆ, ಅದರ ಮೇಲೆ ಪಕ್ಕಪಕ್ಕದಲ್ಲಿ ಎರಡು ಕೋಣೆ, ಒಂದೊಂದೂ ಸುಮಾರು ಮೂರು ಅಡಿ ಎತ್ತರ, ಒಳಗೆಲ್ಲ ಸಿಮೆಂಟ್ ಗಿಲಾಯಿ. ಮೇಲೆ ಸ್ಲ್ಯಾಬ್, ಸ್ಲ್ಯಾಬಿನಲ್ಲಿ ಕೂರುವ ಬೇಸಿನ್. ಈ ಬೇಸಿನ್‌ದೇ ವಿಶೇಷ. ಮುಂದೆ ಮೂತ್ರಕ್ಕೆ ಒಂದು ದಾರಿ, ನಡುವೆ ಮಲ ಬೀಳಲು ತೂತು, ಹಿಂದೆ ತೊಳೆದ ನೀರಿಗೆ ಬೇರೆ ದಾರಿ. ಮೂರೂ ಎಲ್ಲೂ ಸೇರಬಾರದು. ಮಲದ ಕೋಣೆಗೆ ನೀರು ಹೋದರೆ ನಾತ, ಹುಳ ಶುರುವಾಗುತ್ತದೆ. ಒಣಗಿದ್ದರೆ ನಿಜವಾಗಿ ವಾಸನೆ ಇರುವುದಿಲ್ಲ. ತೊಳೆದ ನೀರು ಬಾವಿಯ ಕಡೆಗಲ್ಲ, ಹಿಂದಿನ ಬಾಳೆಯ ಓಳಿಗೆ ಹೋಗುತ್ತದೆ.

ಅತ್ತೆಗೆ ಮೊದಲು ಸಮಾಧಾನವಿರಲಿಲ್ಲ. “ಮೆಟ್ಟಿಲು ಹತ್ತಿ ಸಂಡಾಸಿಗೆ ಹೋಗೂದು ಎಂತಕ್ಕೆ ಮಾರಾಯ್ತಿ, ನನ್ನ ಮೊಣಕಾಲು ನೋಡಿದ್ಯಾ?” ಅಂದರು. ಮಾತು ಸರಿಯೇ ಇತ್ತು. ಮೆಟ್ಟಿಲನ್ನು ತಗ್ಗಾಗಿ, ಅಗಲವಾಗಿ ಮಾಡಿಸಿ, ಎರಡೂ ಕಡೆ ಹಿಡಿದುಕೊಳ್ಳಲು ಪೈಪ್ ಹಾಕಿಸಿದೆವು. ಈಗ ಎಲ್ಲರಿಗಿಂತ ಚೆನ್ನಾಗಿ ಬೂದಿ ಹಾಕುವವರು ಅವರೇ.

ಬೂದಿಗೆ ನಮ್ಮಲ್ಲಿ ಬರವಿಲ್ಲ. ಬಚ್ಚಲ ಒಲೆಯಲ್ಲಿ ದಿನಾ ಮಡಲು, ಕಾಯಿಸಿಪ್ಪೆ ಉರಿಯುತ್ತದೆ. ಹೋಗಿಬಂದ ಮೇಲೆ ಒಂದೆರಡು ಹಿಡಿ ಬೂದಿ, ಜೊತೆಗೆ ಸ್ವಲ್ಪ ನಾರಿನ ಪುಡಿ. ಮಳೆಗಾಲದಲ್ಲಿ ಬೂದಿ ತಣ್ಣಗಾದ ಕೂಡಲೇ ಮುಚ್ಚಳದ ಡಬ್ಬಿಗೆ ತುಂಬಿಡಬೇಕು. ತೇವ ಎಳೆದುಕೊಂಡ ಬೂದಿಯಿಂದ ಏನೂ ಪ್ರಯೋಜನವಿಲ್ಲ. ಚೌತಿಗೆ ನೆಂಟರು ಬಂದಾಗ ಮೊದಲೇ ಹೇಳಿಬಿಡುತ್ತೇನೆ: ಗಂಡಸರೂ ಕೂತೇ ಹೋಗಬೇಕು, ನೀರು ಹಿಂದೆ, ಬೂದಿ ನಡುವೆ. ನಾಚಿಕೆಪಟ್ಟು ಸುಮ್ನೆ ಇದ್ದರೆ ಕೋಣೆ ಹಾಳು.

ಒಂದು ಕೋಣೆ ತುಂಬಿದರೆ ಬೇಸಿನ್ ಇನ್ನೊಂದಕ್ಕೆ ಬದಲಾಯಿಸಿ, ಮೊದಲಿನದ್ದನ್ನು ಮುಚ್ಚಿಬಿಡುತ್ತೇವೆ. ಒಂದು ವರ್ಷಕ್ಕಿಂತ ಮೊದಲು ಮುಟ್ಟುವುದಿಲ್ಲ. ಇಲ್ಲಿ ಗಾಳಿಯಲ್ಲೇ ತೇವ ಜಾಸ್ತಿ, ಹಾಗಾಗಿ ಇನ್ನೂ ಕೆಲವು ತಿಂಗಳು ಕಾಯುತ್ತೇವೆ. ಜಂತುಹುಳದ ಮೊಟ್ಟೆ ಎಲ್ಲಕ್ಕಿಂತ ಗಟ್ಟಿ ಜೀವ, ಅದು ಸಾಯುವ ತನಕ ಕಾಯಲೇಬೇಕು. ತೆಗೆಯುವುದು ಬೇಸಿಗೆಯಲ್ಲಿ. ಹಿಂದಿನ ಕಲ್ಲು ಬಿಡಿಸಿದರೆ ಸಿಗುವುದು ಬೂದಿ ಬಣ್ಣದ ಉದುರು ಮಣ್ಣು. ಮುಷ್ಟಿ ಕಟ್ಟಿ ಬಿಟ್ಟರೆ ಬೆರಳ ಸಂದಿಯಿಂದ ಜಾರುತ್ತದೆ. ನಾರಿನ ಎಳೆಗಳು ಮಾತ್ರ ಹಾಗೇ ಕಾಣುತ್ತವೆ. ಮೂಸಿದರೆ ಒಲೆಯ ವಾಸನೆ.

ಇದನ್ನು ನಾನೂ ಗಂಡನೂ ಸೇರಿ ತೆಗೆಯುತ್ತೇವೆ. ಕೂಲಿಗೆ ಯಾರನ್ನೂ ಕರೆಯುವುದಿಲ್ಲ. ಮನುಷ್ಯರ ಕೈಯಿಂದ ಮಲ ತೆಗೆಸುವುದನ್ನು 2013ರ ಕಾನೂನು ನಿಷೇಧಿಸಿದೆ. ಕಾನೂನು ಇಲ್ಲದಿದ್ದರೂ ಒಂದೇ ಜಾತಿಯವರ ತಲೆಗೆ ಈ ಕೆಲಸ ಕಟ್ಟಿದ ಊರು ನಮ್ಮದು ಅನ್ನುವುದು ನನಗೆ ಗೊತ್ತಿದೆ. ನಮ್ಮದನ್ನು ನಾವು ತೆಗೆಯಲು ಸಿದ್ಧರಿದ್ದರೆ ಮಾತ್ರ ಇಂಥ ಸಂಡಾಸು ಕಟ್ಟಬೇಕು. ತೆಗೆದ ಗೊಬ್ಬರವನ್ನು ತೆಂಗಿನ ಬುಡ ಬಿಡಿಸಿ ಹಾಕಿ ಮಣ್ಣು ಮುಚ್ಚುತ್ತೇವೆ. ಹರಿವೆ, ಬಸಳೆ, ಮೂಲಂಗಿಗೆ ಹಾಕುವುದಿಲ್ಲ.

ಆದರೆ ಬೆಳೆಗೆ ಬೇಕಾದ ಸತ್ವ ಹೆಚ್ಚಿರುವುದು ಈ ಮಣ್ಣಿನಲ್ಲಲ್ಲ, ಮೂತ್ರದಲ್ಲಿ. ನಮ್ಮ ದೇಶದ ಊಟದ ಲೆಕ್ಕದಲ್ಲಿ ಒಬ್ಬರ ಮೂತ್ರದಲ್ಲಿ ವರ್ಷಕ್ಕೆ ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿ ಸಾರಜನಕ ಇರುತ್ತದೆ. ಫಲ ಕೊಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಶಿಫಾರಸು. ಅಂದರೆ ಒಬ್ಬರ ಮೂತ್ರ ನಾಲ್ಕು ಮರದ ಸಾರಜನಕ ನೋಡಿಕೊಳ್ಳುತ್ತದೆ. ಪೊಟ್ಯಾಷ್ ಸಾಲುವುದಿಲ್ಲ. ಅದಕ್ಕೆ ಮತ್ತೆ ಬಚ್ಚಲ ಬೂದಿ. ಆದರೆ ಬೂದಿಯನ್ನೂ ಮೂತ್ರವನ್ನೂ ಒಟ್ಟಿಗೆ ಹಾಕಬಾರದು, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಬೇರೆ ಬೇರೆ ತಿಂಗಳಲ್ಲಿ ಹಾಕುತ್ತೇವೆ.

ಮೂತ್ರ ಪ್ಲಾಸ್ಟಿಕ್ ಕ್ಯಾನಿಗೆ ಇಳಿಯುತ್ತದೆ. ಕಬ್ಬಿಣದ ಡ್ರಮ್ ಬೇಡ, ತಿಂದುಹೋಗುತ್ತದೆ. ತುಂಬಿದ ಕ್ಯಾನಿನ ಮುಚ್ಚಳ ಬಿಗಿಯಾಗಿರಬೇಕು. ಪೈಪಿನೊಳಗೆ ಬಿಳಿ ಸುಣ್ಣದಂಥದ್ದು ಕಟ್ಟಿಕೊಳ್ಳುತ್ತದೆ. ಅದಕ್ಕೇ ಅಗಲದ ಪೈಪು, ಒಳ್ಳೆಯ ಇಳಿಜಾರು ಬೇಕು. ಆಗಾಗ ವಿನೆಗರ್ ಹಾಕಿ ಬಿಡುತ್ತೇನೆ.

ಮಳೆಗಾಲದಲ್ಲಿ ತೋಟಕ್ಕೆ ಒಂದು ತಂಬಿಗೆಯನ್ನೂ ಹಾಕುವುದಿಲ್ಲ. ನಮ್ಮ ಮರಳು ನೆಲದಲ್ಲಿ ಆ ಮಳೆಗೆ ಸಾರಜನಕ ನೇರ ಬಾವಿಗೇ ಇಳಿದೀತು. ಆ ನಾಲ್ಕು ತಿಂಗಳು ಕ್ಯಾನ್ ತುಂಬಿಸಿ ಹಿಂದಿನ ಮಾಡಿನಡಿ ಸಾಲಾಗಿ ಇಡುತ್ತೇವೆ. ಹಾಗೆ ನಿಂತಷ್ಟೂ ಅದರಲ್ಲಿರುವ ರೋಗಾಣು ಸಾಯುತ್ತವೆ, ನಷ್ಟವೇನಿಲ್ಲ. ಅಕ್ಟೋಬರ್ ಕಳೆದು ನೆಲ ಆರಿದ ಮೇಲೆ ಶುರು. ಬುಡದ ಸುತ್ತ ಗೆರೆ ತೆಗೆದು, ಒಂದಕ್ಕೆ ಐದು ಪಾಲು ನೀರು ಬೆರೆಸಿ ಹೊಯ್ದು, ತಕ್ಷಣ ಮಣ್ಣು ಎಳೆಯುತ್ತೇವೆ. ಎಲೆಗೆ ತಾಗಿಸುವುದಿಲ್ಲ. ಮೂತ್ರದಲ್ಲಿ ಉಪ್ಪಿನಂಶವೂ ಇದೆ. ತೆಂಗು ತಡೆಯುತ್ತದೆ, ಮತ್ತೆ ಬರುವ ಮಳೆ ತೊಳೆಯುತ್ತದೆ. ಸಣ್ಣ ಸಸಿಗಳಿಗೆ ಮಾತ್ರ ಇನ್ನೂ ತೆಳ್ಳಗೆ ಮಾಡುತ್ತೇನೆ. ತರಕಾರಿಗೆ ಹಾಕಿದರೂ ಕೊಯ್ಲಿಗೆ ಒಂದು ತಿಂಗಳು ಮೊದಲೇ ನಿಲ್ಲಿಸುತ್ತೇನೆ.

ಈಗ ನಾದಿನಿಯೂ ಇಂಥದ್ದೇ ಕಟ್ಟಿಸುತ್ತೇನೆ ಅನ್ನುತ್ತಿದ್ದಾಳೆ. ಅವಳ ಮನೆ ಶಿರಸಿ ಕಡೆ, ಗುಡ್ಡದ ಮೇಲೆ. ಬಾವಿ ದೂರ, ನೀರು ಆಳ. ಅಲ್ಲಿಗೆ ಎರಡು ಗುಂಡಿಯದ್ದೇ ಸಾಕು, ಸುಮ್ನೆ ಖರ್ಚು ಮಾಡಬೇಡ ಅಂದೆ. ಬಚ್ಚಲ ಹಿಂದೆ ಮೂತ್ರಕ್ಕೆ ಬೇರೆ ಕಟ್ಟೆ ಮಾಡಿಸಿ, ಕ್ಯಾನ್ ಇಡು ಅಂದೆ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ ಶಿಫಾರಸು 100 ಗ್ರಾಂ ಸಾರಜನಕ. ಒಬ್ಬರದ್ದೇ ಇಪ್ಪತ್ತು ಮರಕ್ಕೆ ಆಯಿತು. ಅವಳ ಮನೆಯಲ್ಲಿ ಆರು ಜನ ಇದ್ದಾರೆ.