ಹಳೇ ಕಾರಿನ ಕೂಲಂಟ್ ಸೋರಿಕೆ ಹುಡುಕಿ ಸರಿಮಾಡಿದ್ದು

ಏಪ್ರಿಲ್ ಮಧ್ಯಾಹ್ನ ಚಿತ್ರದುರ್ಗದಿಂದ ದಾವಣಗೆರೆಗೆ ವಾಪಸ್ ಬರುತ್ತಿದ್ದೆವು. ಭರಮಸಾಗರ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೇರಿತು. ಕಾರನ್ನು ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದೆ. ಬೋನೆಟ್ ಎತ್ತಿದರೆ ಬೆಲ್ಲದ ಪಾಕದಂಥ ಸಿಹಿ ವಾಸನೆ. ಕೂಲಂಟ್, ಅಂದರೆ ಇಂಜಿನ್ನನ್ನು ತಣ್ಣಗಿಡುವ ದ್ರವ, ಎಲ್ಲೋ ಸೋರುತ್ತಿದೆ ಅಂತ ಅಲ್ಲೇ ಗೊತ್ತಾಯಿತು.

ಅಲ್ಲಿ ನಿಂತಿದ್ದ ಲಾರಿ ಡ್ರೈವರ್ ಒಬ್ಬರು ಬಂದು, "ಅರಿಶಿನ ಪುಡಿ ಇದ್ರೆ ರೇಡಿಯೇಟರ್‌ಗೆ ಹಾಕ್ರಿ ಸರ್, ಊರು ಮುಟ್ತೀರಿ" ಅಂದರು. ಇದು ಹಳೇ ಉಪಾಯ, ಸಣ್ಣ ತೂತಿಗೆ ಕೆಲಸವನ್ನೂ ಮಾಡುತ್ತದೆ. ಆದರೆ ಆ ಪುಡಿ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ಆಮೇಲೆ ತೊಳೆಯುವುದು ದೊಡ್ಡ ಕೆಲಸ. ನಾನು ಹಾಕಲಿಲ್ಲ. ಒಂದು ಗಂಟೆ ಕಾದೆ, ರೇಡಿಯೇಟರ್ ಮುಟ್ಟಿದರೆ ಸುಡದಷ್ಟು ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಿಡಿದು ಕ್ಯಾಪ್ ತೆಗೆದೆ, ಕುಡಿಯುವ ನೀರು ಸುರಿದೆ, ಮುಳ್ಳು ನೋಡುತ್ತಾ ನಿಧಾನ ಬಂದೆ.

ದಯವಿಟ್ಟು ಬಿಸಿ ಇರುವಾಗ ಮಾತ್ರ ಆ ಕ್ಯಾಪ್ ಮುಟ್ಟಬೇಡಿ. ನನ್ನ ಕ್ಯಾಪ್ ಮೇಲೆ 0.9 ಎಂದು ಬರೆದಿದೆ. ಅಂದರೆ ಒಳಗೆ ಹೊರಗಿನ ಗಾಳಿಗಿಂತ 0.9 ಬಾರ್ ಹೆಚ್ಚು ಒತ್ತಡ ಬರುವವರೆಗೂ ಅದು ಹಿಡಿದಿಡುತ್ತದೆ. ಅಷ್ಟು ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಗಿ, ಒಳಗಿದ್ದದ್ದೆಲ್ಲ ಒಮ್ಮೆಲೇ ಕುದ್ದು ಮುಖಕ್ಕೆ ಹಾರುತ್ತದೆ.

ಮಾರನೇ ದಿನ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ರೇಡಿಯೇಟರ್ ಕೆಳಗೆ ಒದ್ದೆ ಇತ್ತು. "ರೇಡಿಯೇಟರ್ ಹೋಗಿದೆ ಸರ್, ಹೊಸದು ಹಾಕಿಬಿಡೋಣ" ಅಂದರು. ನನಗೆ ಯಾಕೋ ಒಪ್ಪಿಗೆಯಾಗಲಿಲ್ಲ. ನೀರು ಬೀಳುವ ಜಾಗವೇ ಸೋರುವ ಜಾಗ ಆಗಿರಬೇಕು ಅಂತೇನಿಲ್ಲ, ಅಲ್ವಾ? ಮನೆ ಮಾಳಿಗೆ ಸೋರುವಾಗಲೂ ಹಾಗೇ.

ಮೊದಲು ಇಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿದೆ. ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಕಂಡರೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೇ ಬಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಒಳಗಿನ ಸೀಲ್) ಮೇಲೆ ಅನುಮಾನ. ಆಗ ಮನೆಯಲ್ಲಿ ಕೈ ಹಾಕಬಾರದು. ನನ್ನದು ಎರಡೂ ಇರಲಿಲ್ಲ.

ರಾತ್ರಿ ಕಾರಿನ ಕೆಳಗೆ ಫ್ರಿಜ್ ಡಬ್ಬಿಯ ರಟ್ಟು ಹಾಸಿದೆ. ಬೆಳಿಗ್ಗೆ ನಾಲ್ಕೈದು ಹಸಿರು ಹನಿ. ಓಡಿಸಿ ಬಂದ ತಕ್ಷಣ ನೋಡಿದರೆ ಒಂದೂ ಇಲ್ಲ. ಎರಡು ದಿನ ಇದೇ ಕಥೆ. ಆಮೇಲೆ ಕಾರಣ ಹೊಳೆಯಿತು. ಬಿಸಿ ಇಂಜಿನ್ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗಿ ಬರೀ ವಾಸನೆ ಉಳಿಯುತ್ತದೆ. ತಣ್ಣಗಾದಾಗ ಲೋಹ, ರಬ್ಬರ್ ಎರಡೂ ಕುಗ್ಗಿ ಸಂದು ಬಿಡುತ್ತದೆ, ಆಗ ನೆಲಕ್ಕೆ ಹನಿಯುತ್ತದೆ.

ಪರಿಚಯದವರೊಬ್ಬರ ಹತ್ತಿರ ಪ್ರೆಶರ್ ಟೆಸ್ಟರ್ ಇತ್ತು. ಸೈಕಲ್ ಪಂಪಿನಂಥದ್ದು, ಮೇಲೊಂದು ಮೀಟರ್. ಇಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ಜಾಗದಲ್ಲಿ ಕೂರಿಸಿ 0.9 ಬಾರ್‌ವರೆಗೆ ಒತ್ತಿದೆ. ಕ್ಯಾಪ್‌ನಲ್ಲಿ ಬರೆದದ್ದಕ್ಕಿಂತ ಜಾಸ್ತಿ ಒತ್ತಬಾರದು, ಗಟ್ಟಿ ಇದ್ದದ್ದೂ ಒಡೆಯುತ್ತದೆ. ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಟಾರ್ಚ್ ಮತ್ತು ಮೇಕಪ್ ಕನ್ನಡಿ ಹಿಡಿದು ಒಂದೊಂದೇ ಜೋಡಣೆ ನೋಡುತ್ತಾ ಹೋದೆ. ರೇಡಿಯೇಟರ್ ಮೈ ಒಣ. ವಾಟರ್ ಪಂಪ್ ಒಣ. ಬಿಸಿಯಾದಾಗ ತೆರೆದು ಕೂಲಂಟನ್ನು ಬಿಡುವ ಥರ್ಮೋಸ್ಟಾಟ್‌ನ ಕವರ್‌ಗೆ ಮೇಲಿನ ಹೋಸ್ (ರಬ್ಬರ್ ಪೈಪ್) ಸೇರುವ ಕಡೆ, ಕೆಳಭಾಗದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಹನಿ ಉಬ್ಬಿ ನಿಂತಿತ್ತು. ಅದು ಹೋಸ್ ಕೆಳಗಡೆ ಹರಿದು ಬಂದು ರೇಡಿಯೇಟರ್ ಮೇಲಿಂದ ಬೀಳುತ್ತಿತ್ತು. ಆ ಹನಿ ಕಂಡಾಗ ಆದ ಖುಷಿ ಹೇಳತೀರದು.

ಕೂಲಂಟ್ ಇಳಿಸಿ ಕ್ಲಿಪ್ ಸಡಿಲಿಸಿದೆ. ಹೋಸ್ ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಹೋಸ್ ಕೂರುವ ಅಲ್ಯೂಮಿನಿಯಂ ಬಾಯಿ ಸೀಳುತ್ತದೆ. ಹೇಗೂ ಹೊಸ ಹೋಸ್ ತಂದಿದ್ದೆ, ಹಳೆಯದನ್ನು ಬ್ಲೇಡಿನಿಂದ ಉದ್ದಕ್ಕೆ ಕೊಯ್ದು ತೆಗೆದೆ. ಒಳಗೆ ನೋಡಿ ಮನಸ್ಸು ಕೆಟ್ಟಿತು. ಅಲ್ಯೂಮಿನಿಯಂ ತುಂಬ ಬಿಳೀ ಪುಡಿ, ಅಲ್ಲಲ್ಲಿ ಗುಳಿ. ಎರಡು ವರ್ಷ ನಾನು ಟಾಪ್‌ಅಪ್ ಮಾಡಿದ್ದು ಬೋರ್‌ವೆಲ್ ನೀರಿನಿಂದ. ನಮ್ಮ ಕಡೆಯ ಗಡಸು ಬೋರ್ ನೀರು ಸ್ಟೀಲ್ ಪಾತ್ರೆಯನ್ನೇ ಬಿಳಿ ಮಾಡುತ್ತದೆ. ಮೇಲಾಗಿ, ನೀರು ಸುರಿದಷ್ಟೂ ಕೂಲಂಟ್‌ನಲ್ಲಿ ತುಕ್ಕು ತಡೆಯುವ ಅಂಶ ತೆಳುವಾಗುತ್ತದೆ. ತಪ್ಪು ನನ್ನದೇ.

ನಯವಾದ ಎಮರಿ ಪೇಪರ್‌ನಿಂದ ಬಾಯಿಯನ್ನು ಸುತ್ತಲೂ ಉಜ್ಜಿ, ಒರೆಸಿದೆ. ಗುಳಿಗಳು ಆಳ ಇರಲಿಲ್ಲ. ಆಳ ಇದ್ದಿದ್ದರೆ ಕವರನ್ನೇ ಬದಲಿಸುತ್ತಿದ್ದೆ, ಎಂ-ಸೀಲ್ ಅಂಟು ಮೆತ್ತುವುದು ದಾರಿಯಲ್ಲಿ ಕೆಟ್ಟು ನಿಂತಾಗಿನ ಉಪಾಯ. ಹೊಸ ಕ್ಲಿಪ್ಪನ್ನು ಬಾಯಿಯ ಉಬ್ಬು ಅಂಚಿನ ಹಿಂದೆ ಕೂರಿಸಿದೆ. ಅಂಚಿನ ಮೇಲೇ ಕೂತರೆ ಎಷ್ಟು ಬಿಗಿದರೂ ಸೋರುತ್ತದೆ. ಕ್ಯಾಪಿನ ರಬ್ಬರ್ ಗಟ್ಟಿಯಾಗಿತ್ತು, ಅದನ್ನೂ 0.9ರದ್ದೇ ಹೊಸದು ಹಾಕಿದೆ.

ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿ ಹಾಕಿದೆ. ಅವಸರ ಮಾಡಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣಗಿದ್ದ ಇಂಜಿನ್ನನ್ನು ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿ, ನಿಧಾನ ಸುರಿಯುತ್ತಾ, ಮೇಲಿನ ಹೋಸ್ ಆಗಾಗ ಅಮುಕಿದೆ. ಬುಳುಬುಳು ಗುಳ್ಳೆ ಬಂದವು. ಹೋಸ್ ಬಿಸಿಯಾಗುತ್ತಿದ್ದಂತೆ, ಅಂದರೆ ಥರ್ಮೋಸ್ಟಾಟ್ ತೆರೆದಾಗ, ಮಟ್ಟ ಸರ್ರನೆ ಇಳಿಯಿತು. ತುಂಬಿಸಿ ಕ್ಯಾಪ್ ಹಾಕಿ, ಫ್ಯಾನ್ ತಾನಾಗಿ ತಿರುಗುವವರೆಗೆ ಬಿಟ್ಟೆ. ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಕ್ಲಿಪ್ ಇನ್ನೊಂದು ಅರ್ಧ ಸುತ್ತು ಹಿಡಿಯಿತು.

ಇಳಿಸಿದ ಹಳೇ ಕೂಲಂಟನ್ನು ಮೋರಿಗೆ ಚೆಲ್ಲಲಿಲ್ಲ. ಅದು ಸಿಹಿ ಇರುತ್ತದೆ, ಬೀದಿ ನಾಯಿಗಳು ನೆಕ್ಕುತ್ತವೆ, ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಕ್ಯಾನಿನಲ್ಲಿ ಮುಚ್ಚಿ ಗ್ಯಾರೇಜಿಗೆ ಕೊಟ್ಟೆ.

ಕೂಲಂಟ್ ಬಾಟಲಿಯ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆದು ಮುಂದಿನ ಭಾನುವಾರ ಚಿತ್ರದುರ್ಗಕ್ಕೆ ಹೋಗಿ ಬಂದೆವು. ಸೋಮವಾರ ಬೆಳಿಗ್ಗೆ ಕೂಲಂಟ್ ಗೆರೆಯಲ್ಲೇ ಇತ್ತು. ಕೆಳಗಿನ ರಟ್ಟು ಒಣಗಿತ್ತು.