ತಾತ್ಕಾಲಿಕ ಕೆಲಸದ ವೀಸಾ: ಸಹಿ ಹಾಕುವ ಮುಂಚೆ ಇದನ್ನೆಲ್ಲ ಕೇಳಿಕೊಳ್ಳಿ

ತೋಟದಲ್ಲಿ ಹಣ್ಣು ಕೀಳಲು ಆಳುಗಳಿಲ್ಲ, ವಯಸ್ಸಾದವರನ್ನು ನೋಡಿಕೊಳ್ಳುವವರಿಲ್ಲ, ಕಟ್ಟಡ ಕೆಲಸಕ್ಕೆ ಜನ ಸಾಲುತ್ತಿಲ್ಲ. ಹೀಗಾದಾಗ ಒಂದು ದೇಶ ಹೊರಗಿನವರಿಗೆ ತಾತ್ಕಾಲಿಕ ಕೆಲಸದ ವೀಸಾ ಕೊಡುತ್ತದೆ. ಹೋಗುವವರಿಗೂ ಒಳ್ಳೆ ಸಂಬಳ ಸಿಗಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಈ ವೀಸಾ ಹುಟ್ಟಿರುವುದೇ ಮಾಲೀಕರಿಗೆ ಇರುವ ಆಳುಗಳ ಕೊರತೆ ತುಂಬಲು. ನಿಮ್ಮ ಲೆಕ್ಕವನ್ನು ನೀವೇ ನೋಡಿಕೊಳ್ಳಬೇಕು.

ಎಲ್ಲರೂ ಮೊದಲು ಕೇಳುವುದು ಸಂಬಳ ಎಷ್ಟು ಅಂತ. ನಾನು ಹೇಳುವುದು, ಅದಕ್ಕಿಂತ ಮುಂಚೆ ಈ ಕೆಲಸ ಬಿಟ್ಟರೆ ನನ್ನ ವೀಸಾ ಏನಾಗುತ್ತದೆ ಅಂತ ಕೇಳಿ. ಇದಕ್ಕೆ ಸಿಗುವ ಉತ್ತರದ ಮೇಲೆ ಉಳಿದದ್ದೆಲ್ಲ ನಿಂತಿದೆ. ಕೆನಡಾದ ತಾತ್ಕಾಲಿಕ ವಿದೇಶಿ ಕೆಲಸಗಾರರ ಯೋಜನೆಯಲ್ಲಿ ಸಾಮಾನ್ಯವಾಗಿ ಪರ್ಮಿಟ್ ಮೇಲೆ ಮಾಲೀಕನ ಹೆಸರೇ ಇರುತ್ತದೆ. ಬೇರೆ ಕಡೆ ಸೇರಬೇಕಾದರೆ ಆ ಹೊಸ ಮಾಲೀಕ ಮತ್ತೆ ಸರ್ಕಾರದ ಅನುಮತಿ ತರಬೇಕು, ಆಮೇಲೆ ನೀವು ಮತ್ತೆ ಅರ್ಜಿ ಹಾಕಬೇಕು, ಅಲ್ಲಿಯವರೆಗೆ ಹೊಟ್ಟೆಪಾಡು ಹೇಗೆ ಅನ್ನುವ ಭಯಕ್ಕೇ ಎಷ್ಟೋ ಜನ ಕೆಟ್ಟ ಜಾಗದಲ್ಲೇ ಸಹಿಸಿಕೊಂಡು ಇದ್ದುಬಿಡುತ್ತಾರೆ. ಮಾಲೀಕ ಹಿಂಸೆ ಕೊಡುತ್ತಿದ್ದರೆ ಅಥವಾ ಅಂಥ ಅಪಾಯ ಇದ್ದರೆ, ಯಾರ ಹೆಸರಿಗೂ ಕಟ್ಟಿಹಾಕದ ಓಪನ್ ಪರ್ಮಿಟ್‌ಗೆ ಅರ್ಜಿ ಹಾಕುವ ದಾರಿ ಅಲ್ಲಿ 2019ರಿಂದ ಇದೆ. ಹೋಗುವವರಲ್ಲಿ ತುಂಬಾ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಕೌಶಲ್ಯದ ಕೆಲಸಕ್ಕೆ ಕೊಡುವ 482 ವೀಸಾದವರಿಗೆ 2024ರ ಜುಲೈಯಿಂದ, ಕೆಲಸ ಬಿಟ್ಟ ಮೇಲೆ ಒಂದು ಸಲಕ್ಕೆ 180 ದಿನ ಸಿಗುತ್ತದೆ, ಅಷ್ಟರಲ್ಲಿ ಹೊಸ ಸ್ಪಾನ್ಸರ್, ಅಂದರೆ ವೀಸಾಕ್ಕೆ ಹೊಣೆ ಹೊರುವ ಮಾಲೀಕನನ್ನು ಹುಡುಕಿಕೊಳ್ಳಬಹುದು. ಜಪಾನ್ 2019ರಲ್ಲಿ ಶುರು ಮಾಡಿದ ನಿರ್ದಿಷ್ಟ ಕೌಶಲ್ಯದ ವೀಸಾದಲ್ಲಿ ಅದೇ ಕ್ಷೇತ್ರದೊಳಗೆ ಕಂಪನಿ ಬದಲಾಯಿಸಬಹುದು. ನೀವು ಹೋಗುವ ದೇಶದ ನಿಯಮ ಯಾವುದು ಅಂತ ಅಲ್ಲಿನ ಸರ್ಕಾರಿ ವೆಬ್‌ಸೈಟಿನಲ್ಲೇ ಓದಿ. ಏಜೆಂಟ್ ಮಾತು ಸಾಲದು.

ಎರಡನೆಯದು ದುಡ್ಡು. ಕೆನಡಾದಲ್ಲಿ ಮಾಲೀಕ ಎಲ್‌ಎಂಐಎ ಅನ್ನುವ ಅನುಮತಿಗೆ ಅರ್ಜಿ ಹಾಕಲು ಸಾಮಾನ್ಯವಾಗಿ ಒಂದು ಹುದ್ದೆಗೆ 1,000 ಡಾಲರ್ ಕಟ್ಟುತ್ತಾನೆ, ಅದನ್ನು ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ಅಮೆರಿಕದ ಎಚ್-2ಎ (ಕೃಷಿ ಕೆಲಸ), ಎಚ್-2ಬಿ (ಕೃಷಿಯೇತರ ಕೆಲಸ) ವೀಸಾಗಳಲ್ಲೂ ಕೆಲಸ ಕೊಡಿಸಿದ್ದಕ್ಕೆ ಅಂತ ಕೆಲಸಗಾರನಿಂದ ಶುಲ್ಕ ಕೀಳುವುದು ನಿಷಿದ್ಧ. ಹಾಗಾಗಿ "ಎಲ್‌ಎಂಐಎ ಮಾಡಿಸಿಕೊಡುತ್ತೇವೆ, ಇಷ್ಟು ಲಕ್ಷ ಕೊಡಿ" ಅಂದರೆ ಅಲ್ಲೇ ಎದ್ದು ಬನ್ನಿ. ವೀಸಾ ಅರ್ಜಿ ಶುಲ್ಕ, ವೈದ್ಯಕೀಯ ಪರೀಕ್ಷೆ ಇಂಥ ಖರ್ಚು ಬೇರೆ, ಅದಕ್ಕೂ ರಸೀದಿ ಇರಬೇಕು. ಸಾಲ ಮಾಡಿ ಹೋದವರು ಮಾಲೀಕನಿಗೆ ಎದುರು ಮಾತಾಡುವುದು ಕಷ್ಟ, ಮೋಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು.

ಈಗ ಸಂಬಳ. ಗಂಟೆಗೆ ಎಷ್ಟು ಅನ್ನುವುದಕ್ಕಿಂತ ಎಷ್ಟು ಗಂಟೆ ಕೆಲಸ ಗ್ಯಾರಂಟಿ ಅನ್ನುವುದು ಮುಖ್ಯ. ಮಳೆ ಬಂದು ವಾರಗಟ್ಟಲೆ ಕೆಲಸ ನಿಂತರೆ ಏನು ಮಾಡುತ್ತೀರಿ? ಕೃಷಿಗೆ ಕೊಡುವ ಎಚ್-2ಎ ವೀಸಾದಲ್ಲಿ ಒಪ್ಪಂದದ ಕೆಲಸದ ಅವಧಿಯಲ್ಲಿ ನಾಲ್ಕರಲ್ಲಿ ಮೂರು ಭಾಗದಷ್ಟಾದರೂ ಕೆಲಸ ಕೊಡಬೇಕು, ಇಲ್ಲದಿದ್ದರೆ ಅಷ್ಟರ ಸಂಬಳ ಕೊಡಬೇಕು. ಇರಲು ಜಾಗವೂ ಉಚಿತ. ಕೃಷಿಯೇತರ ಕೆಲಸದ ಎಚ್-2ಬಿಯಲ್ಲಿ ಸಾಮಾನ್ಯವಾಗಿ ಉಚಿತ ವಸತಿ ಕಡ್ಡಾಯ ಅಲ್ಲ. ಹೆಸರು ಒಂದೇ ಥರ ಕೇಳಿಸುತ್ತದೆ ಅಂತ ಎರಡೂ ಒಂದೇ ಅಂದುಕೊಳ್ಳಬೇಡಿ. ಬಾಡಿಗೆ, ಊಟ, ಓಡಾಟ, ತೆರಿಗೆ ಎಲ್ಲ ಕಳೆದು ಕೈಗೆ ಬರುವುದು ಎಷ್ಟು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. "ಸಂಬಳದಲ್ಲಿ ಸ್ವಲ್ಪ ಹಿಡಿದಿಟ್ಟು, ವಾಪಸ್ ಹೋಗುವಾಗ ಕೊಡುತ್ತೇವೆ" ಅಂದರೆ ಒಪ್ಪಬೇಡಿ. ಅಮೆರಿಕ 1942ರಿಂದ 1964ರವರೆಗೆ ಮೆಕ್ಸಿಕೋದಿಂದ ಕೂಲಿಕಾರರನ್ನು ಕರೆಸಿಕೊಂಡ ಬ್ರಾಸೆರೊ ಯೋಜನೆಯಲ್ಲಿ, ಶುರುವಿನ ವರ್ಷಗಳಲ್ಲಿ ಕೂಲಿಯ 10 ಶೇಕಡಾ ಹೀಗೇ ಉಳಿತಾಯ ಅಂತ ಹಿಡಿದಿದ್ದರು. ಎಷ್ಟೋ ಜನಕ್ಕೆ ಆ ದುಡ್ಡು ಬರಲೇ ಇಲ್ಲ, ಮುದುಕರಾದ ಮೇಲೂ ಅದಕ್ಕಾಗಿ ಹೋರಾಡಬೇಕಾಯಿತು.

ಕೆಲಸ ನಿಜವಾ ಸುಳ್ಳಾ ಅಂತ ತಿಳಿಯಲು ಕಾಗದಗಳ ಕ್ರಮ ನೋಡಿ. ಇಂಥ ವೀಸಾಗಳಲ್ಲಿ ಸಾಮಾನ್ಯವಾಗಿ ಸರ್ಕಾರದಿಂದ ಮೊದಲು ಅನುಮತಿ ಪಡೆಯಬೇಕಾದವನು ಮಾಲೀಕ, ಆಮೇಲೆ ನಿಮ್ಮ ಅರ್ಜಿ. ಆ ಅನುಮತಿಯ ಪ್ರತಿ ಕೇಳಿ. ಕಂಪನಿಗೆ ನೀವೇ ನೇರವಾಗಿ ಫೋನ್ ಮಾಡಿ, ಏಜೆಂಟ್ ಕೊಟ್ಟ ನಂಬರಿಗೆ ಅಲ್ಲ. "ಸದ್ಯಕ್ಕೆ ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳೋಣ" ಅನ್ನುವ ಮಾತಿಗಂತೂ ಬೀಳಲೇಬೇಡಿ.

ಅವಧಿ ಮುಗಿದ ಮೇಲೆ ಏನು ಅನ್ನುವುದನ್ನೂ ಈಗಲೇ ಕೇಳಿ. ಬ್ರಿಟನ್ನಿನ ತೋಟಗಾರಿಕೆ ಕೆಲಸದ ಸೀಸನಲ್ ವೀಸಾ ಹೆಚ್ಚೆಂದರೆ 6 ತಿಂಗಳು, ಕುಟುಂಬ ಕರೆದೊಯ್ಯುವಂತಿಲ್ಲ. ಜಪಾನಿನ ನಿರ್ದಿಷ್ಟ ಕೌಶಲ್ಯದ ವೀಸಾದ ಮೊದಲ ಹಂತದಲ್ಲಿ ಸಾಮಾನ್ಯವಾಗಿ 5 ವರ್ಷ, ಆಗಲೂ ಕುಟುಂಬ ಇಲ್ಲ. ಎರಡನೇ ಹಂತದ ಪರೀಕ್ಷೆ ಪಾಸಾದರೆ ಹೆಂಡತಿ ಅಥವಾ ಗಂಡ, ಮಕ್ಕಳನ್ನು ಕರೆಸಿಕೊಳ್ಳಬಹುದು, ವೀಸಾ ನವೀಕರಿಸುತ್ತಲೂ ಹೋಗಬಹುದು. ಪುಟ್ಟ ಮಕ್ಕಳಿದ್ದವರಿಗೆ ಇದು ಸಣ್ಣ ವ್ಯತ್ಯಾಸ ಅಲ್ವಲ್ಲ.

ಹೊರಡುವ ಮುಂಚೆ ಒಪ್ಪಂದ, ವೀಸಾ, ಪಾಸ್‌ಪೋರ್ಟ್ ಮೂರರ ಫೋಟೋ ಮನೆಯವರಿಗೆ ಕಳಿಸಿ. ಪಾಸ್‌ಪೋರ್ಟನ್ನು ಮಾಲೀಕನ ಕೈಗೆ ಇಟ್ಟುಕೊಳ್ಳಲು ಕೊಡಬೇಡಿ. ಅಲ್ಲಿ ಕೆಲಸ ಶುರುವಾದ ದಿನದಿಂದಲೇ ಎಷ್ಟು ಗಂಟೆ ದುಡಿದಿರಿ ಅಂತ ದಿನಾ ಬರೆದಿಡಿ, ಪ್ರತಿ ಸಂಬಳದ ಚೀಟಿ ಜೋಪಾನ ಮಾಡಿ. ನಾಳೆ ಕೂಲಿ ಬಾಕಿ ಅಂತ ದೂರು ಕೊಡುವಾಗ ಅಧಿಕಾರಿಗಳು ಮೊದಲು ಕೇಳುವುದು ಅದನ್ನೇ.