ಹಳೇ ಕಾರು ದಿಂಬಂ ಘಾಟಿಯಲ್ಲಿ ಹೀಟ್ ಆಗುತ್ತಿದೆಯೇ? ದೋಷ ಹುಡುಕುವ ಬಗೆ

ಏಪ್ರಿಲ್–ಮೇ ಬಿಸಿಲಲ್ಲಿ ತಮಿಳುನಾಡಿನ ಸತ್ಯಮಂಗಲಕ್ಕೆ ಇಳಿದು ತಾಳವಾಡಿಗೆ ವಾಪಸ್ ಹತ್ತುವ ಹಳೇ ಕಾರುಗಳಿಗೆ ಬಣ್ಣಾರಿಯಿಂದ ದಿಂಬಂವರೆಗಿನ 27 ಹೇರ್‌ಪಿನ್ ತಿರುವುಗಳೇ ಪರೀಕ್ಷೆ. ಲಾರಿ ಹಿಂದೆ ಒಂದನೇ, ಎರಡನೇ ಗೇರಿನಲ್ಲಿ ತೆವಳುವಾಗ ಇಂಜಿನ್‌ಗೆ ದುಡಿಮೆ ಜಾಸ್ತಿ, ಎದುರಿನಿಂದ ಬರುವ ಗಾಳಿ ಕಡಿಮೆ. ಸಾಲದ್ದಕ್ಕೆ ಇದು ಹುಲಿ ಸಂರಕ್ಷಿತ ಕಾಡು, ಆನೆ ದಾಟುವ ದಾರಿ. ಬಾನೆಟ್ ಎತ್ತಿ ಮುಕ್ಕಾಲು ಗಂಟೆ ಕಾಯುವ ಜಾಗವಲ್ಲ. ದೋಷವನ್ನು ಮನೆ ಅಂಗಳದಲ್ಲೇ ಹಿಡಿಯಬೇಕು.

ಮೊದಲು ಗಮನಿಸಬೇಕಾದ್ದು ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳು ಯಾವಾಗ ಏರುತ್ತದೆ ಅನ್ನುವುದು. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಗಾಡಿ ಓಡಿದ ಮೇಲೆ ಇಳಿದರೆ ಫ್ಯಾನ್ ನೋಡಿ. ಸಮತಟ್ಟು ರಸ್ತೆಯಲ್ಲಿ 80ರ ವೇಗದಲ್ಲಿ ಏರಿದರೆ ನೀರಿನ ಹರಿವು ಸಾಲುತ್ತಿಲ್ಲ: ರೇಡಿಯೇಟರ್ ಕಟ್ಟಿರಬಹುದು, ವಾಟರ್ ಪಂಪ್‌ನ ರೆಕ್ಕೆ ತುಕ್ಕು ತಿಂದಿರಬಹುದು, ಕೆಳಗಿನ ಹೋಸ್ ಮೆತ್ತಗಾಗಿ ಪಂಪ್ ಎಳೆತಕ್ಕೆ ಒಳಕ್ಕೆ ಕುಗ್ಗುತ್ತಿರಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಐದಾರು ನಿಮಿಷಕ್ಕೇ ಕೆಂಪು ಗೆರೆ ಮುಟ್ಟಿದರೆ ನೀರು ಕಡಿಮೆಯಾಗಿದೆ, ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) ತೆರೆಯುತ್ತಿಲ್ಲ, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿದೆ. ಹೋಸ್ ತಣ್ಣಗಿದ್ದರೂ ಮುಳ್ಳು ಸರ್ರನೆ ಮೇಲಕ್ಕೆ ಹಾರಿದರೆ, ಅದು ಸೆನ್ಸರ್ ಅಥವಾ ವೈರಿನ ತೊಂದರೆ ಇರಬಹುದು. ಆದರೆ ನೀರಿನ ಮಟ್ಟ ನೋಡದೆ ಹಾಗೆಂದುಕೊಳ್ಳಬೇಡಿ. ನೀರು ಖಾಲಿಯಾಗಿದ್ದರೂ ಹೋಸ್ ತಣ್ಣಗೇ ಇರುತ್ತದೆ.

ಮಿಕ್ಕ ಪರೀಕ್ಷೆಯನ್ನು ರಾತ್ರಿಯೆಲ್ಲ ನಿಂತು ತಣ್ಣಗಾದ ಇಂಜಿನ್ ಮೇಲೆ ಶುರು ಮಾಡಿ. ರೇಡಿಯೇಟರ್ ಮುಚ್ಚಳ ತೆಗೆದಾಗ ನೀರು ಕುತ್ತಿಗೆವರೆಗೂ ಕಾಣಬೇಕು. ಮುಚ್ಚಳವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಸ್ಪ್ರಿಂಗಿನ ಕೆಳಗಿನ ರಬ್ಬರ್ ಬಿರುಕು ಬಿಟ್ಟಿದ್ದರೆ, ಗಟ್ಟಿಯಾಗಿ ಅದರ ಮೇಲೆ ಉಂಗುರದಂತೆ ಗುಂಡಿ ಬಿದ್ದಿದ್ದರೆ, ಒತ್ತಡ ನಿಲ್ಲುವುದಿಲ್ಲ. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳದಡಿ ನೀರು ಕುದಿಯಲು ಸುಮಾರು 118 ಡಿಗ್ರಿ ಬೇಕು. ಒತ್ತಡ ಸೋರಿದರೆ 100ರ ಆಸುಪಾಸಿನಲ್ಲೇ ಕುದಿಯುತ್ತದೆ. ನಡುವೆ ಇರುವ ಪುಟ್ಟ ವಾಲ್ವನ್ನು ಉಗುರಿನಿಂದ ಎಳೆದು ಬಿಡಿ, ಅದು ತಟ್ಟನೆ ಹಿಂದಕ್ಕೆ ಕೂರಬೇಕು. ಅದು ಅಂಟಿಕೊಂಡರೆ ಇಂಜಿನ್ ತಣ್ಣಗಾಗುವಾಗ ಪಕ್ಕದ ಬಾಟಲಿಗೆ ಉಕ್ಕಿ ಹೋದ ನೀರು ರೇಡಿಯೇಟರಿಗೆ ವಾಪಸ್ ಬಾರದೆ ಮೇಲಿನ ಹೋಸ್ ಚಪ್ಪಟೆಯಾಗುತ್ತದೆ. ಹೊಸ ಮುಚ್ಚಳದ ಮೇಲಿನ ಅಂಕೆ ಹಳೆಯದರ ಮೇಲಿನದ್ದೇ ಇರಲಿ.

ಒಳಗಿನ ನೀರು ತುಕ್ಕು ಬಣ್ಣಕ್ಕಿದ್ದರೆ, ಕೊಳವೆ ಬಾಯಿಗಳಲ್ಲಿ ಬಿಳಿ ಪದರ ಕಂಡರೆ ಬೋರ್ ನೀರು ತನ್ನ ಕೆಲಸ ಮಾಡಿದೆ ಅಂತಲೇ ಲೆಕ್ಕ. ಗಡಸು ನೀರಿನ ಸುಣ್ಣದಂಶ ಬಿಸಿಯಲ್ಲಿ ಕೊಳವೆ ಒಳಗೆ ಕೂರುತ್ತದೆ. ಪಾತ್ರೆ ತಳಕ್ಕೆ ಉಪ್ಪು ಕಟ್ಟುವುದೂ ಹೀಗೆಯೇ. ಇಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ರೇಡಿಯೇಟರ್ ಮೇಲೆ ಉದ್ದಕ್ಕೂ ಹಾಯಿಸಿ. ಉಷ್ಣಾಂಶ ಒಂದು ತುದಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಇಳಿಯಬೇಕು. ಮಧ್ಯೆ ಎಲ್ಲೋ ತಣ್ಣನೆಯ ಪಟ್ಟೆ ಸಿಕ್ಕರೆ ಅಲ್ಲಿ ಕಟ್ಟಿದೆ. ಹೊರಗಿನ ಜಾಲರಿಯಲ್ಲಿ ಹುಳು, ಧೂಳು, ಹೊಟ್ಟು ಸಿಕ್ಕಿದ್ದರೆ ಇಂಜಿನ್ ಕಡೆಯಿಂದ ಮುಂದಕ್ಕೆ, ತೋಟದ ಪೈಪಿನ ಒತ್ತಡದಲ್ಲಿ ತೊಳೆಯಿರಿ. ಜೋರು ಪ್ರೆಶರ್ ವಾಶರ್ ಹಿಡಿದರೆ ಆ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯೇ ಹೋಗದು. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯನ್ನು ಮರೆಯಬೇಡಿ.

ಫ್ಯಾನ್ ಪರೀಕ್ಷೆ ಸುಲಭ. ಎಸಿ ಇರುವ ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದರೆ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ ನೋಡಿ, ಆಮೇಲೆ ಫ್ಯಾನ್ ಸಾಕೆಟ್ ಬಿಚ್ಚಿ ಬ್ಯಾಟರಿಯಿಂದ ನೇರ ವೈರ್ ಕೊಡಿ. ನೇರ ಕೊಟ್ಟರೆ ತಿರುಗುತ್ತದೆ, ಬಿಸಿಯಾದಾಗ ತಾನಾಗಿ ತಿರುಗದು ಅಂದರೆ ಥರ್ಮೋ ಸ್ವಿಚ್ (ಬಿಸಿ ಏರಿದಾಗ ಫ್ಯಾನ್ ಹಾಕುವ ಸ್ವಿಚ್), ರಿಲೇ, ವೈರಿಂಗ್ ಮೇಲೆ ಅನುಮಾನ. ಕೈಯಲ್ಲಿ ದೂಡಿದರೆ ಮಾತ್ರ ಹೊರಡುವ ಮೋಟಾರಿನ ಬ್ರಷ್ ಸವೆದಿದೆ. ಬೆಲ್ಟ್‌ನಿಂದ ತಿರುಗುವ ಫ್ಯಾನ್ ಆದರೆ ಬೆಲ್ಟ್ ಮಧ್ಯೆ ಹೆಬ್ಬೆರಳಲ್ಲಿ ಒತ್ತಿ. ಸುಮಾರು 10 ಮಿಲಿಮೀಟರ್ ಬಗ್ಗಬೇಕು. ಕೀ ತೆಗೆದಿದ್ದರೂ ಎಲೆಕ್ಟ್ರಿಕ್ ಫ್ಯಾನ್ ತಿರುಗಬಹುದು, ಬೆರಳು ಜೋಪಾನ.

ಥರ್ಮೋಸ್ಟಾಟ್ ಅನುಮಾನವಿದ್ದರೆ ಬಿಚ್ಚಿ, ದಾರ ಕಟ್ಟಿ, ಪಾತ್ರೆ ತಳಕ್ಕೆ ತಾಗದಂತೆ ನೀರಲ್ಲಿ ಇಳಿಬಿಟ್ಟು ಕಾಯಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ಅದರ ಮೇಲೆ 82 ಎಂದು ಒತ್ತಿದ್ದರೆ ಆ ಹೊತ್ತಿಗೆ ತೆರೆಯಲು ಶುರುವಾಗಿ, 95ರ ಸುಮಾರಿಗೆ ಪೂರ್ತಿ ಬಾಯಿ ಬಿಡಬೇಕು. "ಈ ಸೆಕೆಗೆ ಥರ್ಮೋಸ್ಟಾಟೇ ಬೇಡ" ಎಂದು ಕಿತ್ತೆಸೆಯುವ ಅಭ್ಯಾಸ ಬಹಳ ಇದೆ. ಇದು ತಪ್ಪು. ಎಷ್ಟೋ ಇಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಅದೇ. ಅದಿಲ್ಲದಿದ್ದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನ್ನಲ್ಲೇ ಸುತ್ತುತ್ತದೆ, ಘಾಟಿಯಲ್ಲಿ ಹೀಟ್ ಇನ್ನೂ ಹೆಚ್ಚುತ್ತದೆ.

ವಾಟರ್ ಪಂಪ್ ಕೆಳಗೆ ಒಂದು ಸಣ್ಣ ತೂತಿರುತ್ತದೆ. ಅಲ್ಲಿಂದ ಇಳಿದ ಹಸಿರು ಅಥವಾ ಬಿಳಿ ಕಲೆ ಕಂಡರೆ ಸೀಲ್ ಸೋರುತ್ತಿದೆ ಎಂದರ್ಥ. ಆ ತೂತಿಗೆ ಎಂಸೀಲ್ ಮೆತ್ತಬೇಡಿ, ನೀರು ಬೇರಿಂಗಿಗೆ ನುಗ್ಗುತ್ತದೆ.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಗುರುತು ಹಲವು: ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತಾಗುವುದು, ಬಾಟಲಿಯಲ್ಲಿ ನಿಲ್ಲದೆ ಗುಳ್ಳೆ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ, ಆಯಿಲ್ ಹಾಲು ಬೆರೆಸಿದ ಟೀ ಬಣ್ಣಕ್ಕೆ ತಿರುಗುವುದು. ಇವುಗಳಲ್ಲಿ ಎರಡು ಕಂಡರೂ ಘಾಟಿ ಇಳಿಯಬೇಡಿ.

ಇವೆಲ್ಲ ಸರಿಯಿದ್ದೂ ಹತ್ತುವಾಗ ಮಾತ್ರ ಹೀಟ್ ಆದರೆ ಇಗ್ನಿಷನ್ ಟೈಮಿಂಗ್ ಹಿಂದಿದೆಯೇ (ಅಂದರೆ ಪ್ಲಗ್ ಕಿಡಿ ತಡವಾಗಿ ಹಾರುತ್ತಿದೆಯೇ), ಬ್ರೇಕ್ ಹಿಡಿದುಕೊಳ್ಳುತ್ತಿದೆಯೇ ನೋಡಿಸಿ. ಸ್ವಲ್ಪ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಹತ್ತಿರ ಮಾತ್ರ ಸುಡು ಶಾಖ ಬಡಿದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ.

ದಾರಿಯಲ್ಲೇ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಹಾಕಿ. ಅದೂ ಒಂದು ಪುಟ್ಟ ರೇಡಿಯೇಟರೇ. ಕೆಂಪು ಮುಟ್ಟಿದರೆ, ಆವಿ ಬಂದರೆ, ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಕನಿಷ್ಠ 45 ನಿಮಿಷ, ಹೋಸ್ ಕೈಗೆ ಮೆತ್ತಗಾಗುವವರೆಗೂ ಮುಚ್ಚಳ ಮುಟ್ಟಬೇಡಿ. ಕಾದ ಇಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು.

ರಿಪೇರಿ ಆದ ಮೇಲೆ ಬೋರ್ ನೀರು ತುಂಬಬೇಡಿ. ಕೂಲೆಂಟ್ ಕಾನ್ಸಂಟ್ರೇಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು, ಅಂದರೆ ನಾಲ್ಕು ಲೀಟರ್ ಹಿಡಿಯುವ ಕಾರಿಗೆ ಎರಡು-ಎರಡು ಲೀಟರ್. ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ, ಹೀಟರ್ ಹಾಕಿ, ಮೇಲಿನ ಹೋಸನ್ನು ಹಿಸುಕುತ್ತಾ ಗುಳ್ಳೆ ನಿಲ್ಲುವವರೆಗೂ ಮೆಲ್ಲಗೆ ತುಂಬಿ. ಒಳಗೆ ಗಾಳಿ ಉಳಿದರೆ ಹೊಸ ಪಾರ್ಟ್ ಹಾಕಿಯೂ ಮುಳ್ಳು ಏರುತ್ತದೆ. ಮಾರನೇ ಬೆಳಿಗ್ಗೆ ಇನ್ನೊಮ್ಮೆ ಮುಚ್ಚಳ ತೆಗೆದು ಮಟ್ಟ ನೋಡಿಯೇ ಬಣ್ಣಾರಿ ಕಡೆ ಹೊರಡಿ.